ಒಂದು ಓರೆಗೆರೆಯ ಸುತ್ತ

ಕಳೆದ ಮಳೆಗಾಲದ ಒಂದು ಭಾನುವಾರ ನನ್ನ ತಂಗಿಯ ಮಗಳು ಡೊಂಬಿವಲಿಯಿಂದ ಹೊರಟು, ಕುರ್ಲಾದಲ್ಲಿ ಗಾಡಿ ಬದಲಿಸಿ, ಚೆಂಬೂರಿನ ನಮ್ಮ ಮನೆಗೆ ಬಂದಳು. ಕೊಡೆಗಿಂತ ಹೆಚ್ಚು ಜೋಪಾನವಾಗಿ ಅವಳು ಹಿಡಿದುಕೊಂಡಿದ್ದದ್ದು ಪ್ಲಾಸ್ಟಿಕ್ ಸುತ್ತಿದ ಒಂದು ಕಾಗದದ ಕಟ್ಟು. ಅದರಲ್ಲಿ ಮೊದಲ ವರ್ಷದ ಬಿಕಾಂ ಹುಡುಗರ 62 ಅಸೈನ್‌ಮೆಂಟುಗಳಿದ್ದವು. ಇವಳು ವಾಣಿಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ವಾರಕ್ಕೆ ನಾಲ್ಕು ಗಂಟೆ ಒಂದು ಕಾಲೇಜಿನಲ್ಲಿ ಪಾಠ ಮಾಡಬೇಕೆಂದು ಅವಳ ಮಾರ್ಗದರ್ಶಕರು ಹೇಳಿದ್ದರಂತೆ. ಹೇಳುವಾಗ ಕೊನೆಗೆ ಒಂದು ಮಾತು ಸೇರಿಸಿದ್ದರು: “ಹಾಗೇ ಮಕ್ಕಳ ಬರವಣಿಗೆಯನ್ನೂ ಸ್ವಲ್ಪ ನೋಡಿಕೋ.”

“ಎಂತ ನೋಡುವುದು ಮಾವ? ನೀವು ಬ್ಯಾಂಕಿನಲ್ಲಿ ಅಷ್ಟು ವರ್ಷ ನೋಟು ಬರೆದವರಲ್ಲ, ಸ್ವಲ್ಪ ಹೇಳಿ” ಎಂದು ಅವಳು ಕಟ್ಟು ಬಿಚ್ಚಿದಳು.

ಬರೆದ ನೋಟು, ಎಣಿಸಿದ ನೋಟು ಎರಡರಲ್ಲೂ ನನಗೆ 37 ವರ್ಷದ ಅನುಭವ. ಚಹಾ ಕುಡಿಯುತ್ತಾ ಓದತೊಡಗಿದೆ. ವಿಷಯ ‘ದುಡಿಯುವ ಬಂಡವಾಳ’, ಅಂದರೆ ನಾವೆಲ್ಲ ವರ್ಕಿಂಗ್ ಕ್ಯಾಪಿಟಲ್ ಎನ್ನುವುದು. ನಲವತ್ತಕ್ಕೂ ಹೆಚ್ಚು ಮಂದಿ ಒಂದೇ ನೋಟ್ಸಿನಿಂದ ಇಳಿಸಿದ್ದರು. ಹತ್ತು ಹನ್ನೆರಡು ಮಂದಿಯ ಇಂಗ್ಲಿಷು ಎಷ್ಟು ನುಣುಪಾಗಿತ್ತೆಂದರೆ ಅದು ಯಾವ ಹುಡುಗನದ್ದೂ ಆಗಿರಲಾರದು. ಕಂಪ್ಯೂಟರ್ ಬರೆದುಕೊಟ್ಟದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಉಳಿದವರು ಏನೋ ಹೆಣಗಾಡಿದ್ದರು. ಇವಳು ಪ್ರತಿಯೊಂದರ ಮೇಲೂ ಕೆಂಪು ಶಾಯಿಯಲ್ಲಿ ವ್ಯಾಕರಣ ತಿದ್ದಿದ್ದಳು. ರಾತ್ರಿ ಎರಡು ಗಂಟೆಯವರೆಗೆ ಕೂತು ತಿದ್ದಿದ್ದಂತೆ.

ಅದರಲ್ಲೊಂದು ಹಾಳೆಯಲ್ಲಿ ನನ್ನ ಕಣ್ಣು ನಿಂತಿತು. ಹುಡುಗ ಹಗಲು ಕಾಲೇಜು, ಸಂಜೆ ನಮ್ಮ ಕಡೆಯವರದ್ದೇ ಒಂದು ಹೋಟೆಲಿನ ಗಲ್ಲೆಯಲ್ಲಿ ಕೆಲಸ. ಮೊದಲ ಪುಟ ಎಲ್ಲರಂತೆ ನೋಟ್ಸಿನದ್ದು. ಎರಡನೇ ಪುಟದ ತುದಿಯಲ್ಲಿ ಮುರುಕು ಇಂಗ್ಲಿಷಿನಲ್ಲಿ ತನ್ನದೇ ನಾಲ್ಕು ಸಾಲು ಬರೆದಿದ್ದ. ಅದರ ತಾತ್ಪರ್ಯ ಇಷ್ಟು: ನಮ್ಮ ಹೋಟೆಲಿನಲ್ಲಿ ಗಿರಾಕಿ ಮೊದಲು ದುಡ್ಡು ಕೊಟ್ಟು ಕೂಪನ್ ತೆಗೆದುಕೊಳ್ಳುತ್ತಾನೆ. ತರಕಾರಿಯವನಿಗೆ ಶೆಟ್ರು ಶನಿವಾರ ಕೊಡುತ್ತಾರೆ. ಹಾಲಿನವನಿಗೆ ಹದಿನೈದು ದಿನಕ್ಕೊಮ್ಮೆ. ಹಾಗಾದರೆ ಈ ವರ್ಕಿಂಗ್ ಕ್ಯಾಪಿಟಲ್ ಯಾರದ್ದು?

ಈ ನಾಲ್ಕೂ ಸಾಲುಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಅಪ್ರಸ್ತುತ’ ಎಂದು ಅವಳು ಬರೆದಿದ್ದಳು. ಹತ್ತಕ್ಕೆ ನಾಲ್ಕು ಅಂಕ.

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. “ಮಾರಾಯ್ತಿ, ಈ 62ರಲ್ಲಿ ವಿಷಯ ಅರ್ಥವಾದವನು ಇವನೊಬ್ಬನೇ” ಅಂದೆ. ಹೋಟೆಲಿನಂಥ ವ್ಯಾಪಾರದಲ್ಲಿ ದುಡ್ಡು ಮೊದಲು ಬರುತ್ತದೆ, ಆಮೇಲೆ ಹೋಗುತ್ತದೆ. ಚಾಲ್ತಿ ಆಸ್ತಿಗಿಂತ ಚಾಲ್ತಿ ಹೊಣೆ ಹೆಚ್ಚು. ಪುಸ್ತಕದ ಪ್ರಕಾರ ದುಡಿಯುವ ಬಂಡವಾಳ ಇಲ್ಲಿ ಋಣಾತ್ಮಕ. ಅಂದರೆ ಶೆಟ್ಟರ ಹೋಟೆಲನ್ನು ನಡೆಸುವ ದುಡ್ಡು ಒಂದು ವಾರದ ಮಟ್ಟಿಗೆ ತರಕಾರಿಯವನದ್ದು. ಹುಡುಗ ಪರಿಭಾಷೆ ಗೊತ್ತಿಲ್ಲದೆಯೇ ಸರಿಯಾದ ಪ್ರಶ್ನೆಗೆ ಬಂದು ನಿಂತಿದ್ದಾನೆ. ಅವನ ಕ್ರಿಯಾಪದ ತಪ್ಪಿದೆ, ಲೆಕ್ಕ ತಪ್ಪಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದದ್ದನ್ನು ಹಾಗೇ ಬರೆಯುತ್ತೇನೆ: “ಇದನ್ನು ಹೀಗೆ ಓದಬೇಕು ಅಂತ ನನಗೆ ಯಾರು ಹೇಳಿಕೊಟ್ಟಿದ್ದಾರೆ ಮಾವ?”

ಅದು ಅವಳು ತನ್ನ ಸಮರ್ಥನೆಗೆ ಆಡಿದ ಮಾತು. ಆದರೆ ಪ್ರಶ್ನೆ ನಿಜವಾದದ್ದು. ಉತ್ತರ ಹುಡುಕುತ್ತಾ ನಾನು ಸರ್ಕಾರಿ ಕಾಗದಗಳ ಕಡೆಗೆ ಹೋದೆ. ಸಾಹಿತ್ಯವಿಮರ್ಶೆ ನನಗೆ ಬಾರದು. ಸುತ್ತೋಲೆ ಓದುವುದು ಬರುತ್ತದೆ. ಒಂದು ಸುತ್ತೋಲೆಯಲ್ಲಿ ಯಾವ ಪದ ಇದೆ, ಯಾವ ಪದ ಬಿಟ್ಟುಹೋಗಿದೆ ಎಂದು ನೋಡುವುದರಲ್ಲೇ ನನ್ನ ಆಯುಷ್ಯದ ಅರ್ಧ ಕಳೆದಿದೆ.

2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಪಿಎಚ್.ಡಿ. ಮಾಡುವವರಿಗೆ ಪೂರ್ವಸಿದ್ಧತೆಯ ಪಾಠಗಳನ್ನು ಕಡ್ಡಾಯ ಮಾಡಿತು. ಸಂಶೋಧನಾ ವಿಧಾನ ಅದರಲ್ಲಿ ಮುಖ್ಯ. ಕಲಿಸುವುದನ್ನು ಕಲಿಯಬೇಕು ಎಂಬ ಮಾತು ಗಟ್ಟಿಯಾಗಿ ಬಂದದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ. ಹೊಸದಾಗಿ ಪಿಎಚ್.ಡಿ.ಗೆ ಸೇರುವವರೆಲ್ಲರೂ, ಅವರ ವಿಷಯ ಯಾವುದೇ ಇರಲಿ, ಬೋಧನೆ, ಶಿಕ್ಷಣ, ಬೋಧನಶಾಸ್ತ್ರ, ಬರವಣಿಗೆ ಇವುಗಳಿಗೆ ಸಂಬಂಧಿಸಿದ ಕ್ರೆಡಿಟ್ ಇರುವ ಪಾಠಗಳನ್ನು ತೆಗೆದುಕೊಳ್ಳಬೇಕು, ಕನಿಷ್ಠ ಇಷ್ಟು ಗಂಟೆ ನಿಜವಾಗಿ ತರಗತಿಯಲ್ಲಿ ಪಾಠ ಮಾಡಿದ ಅನುಭವವೂ ಅವರಿಗೆ ಇರಬೇಕು ಎನ್ನುವುದು ಅದರ ಆಶಯ. ಆ ಬರವಣಿಗೆ ಅವರವರ ವಿಷಯಕ್ಕೆ ಸಂಬಂಧಿಸಿದ್ದಾಗಿರಬೇಕು ಎಂದೂ ಹೇಳಿದೆ. ಓದಿ ನನಗೆ ಸಂತೋಷವಾಯಿತು. ಬರವಣಿಗೆ ಇಂಗ್ಲಿಷ್ ವಿಭಾಗದ ಜಹಗೀರಲ್ಲ, ರಸಾಯನಶಾಸ್ತ್ರದವನಿಗೂ ವಾಣಿಜ್ಯದವನಿಗೂ ಅದು ಅವರದೇ ಕೆಲಸ ಎಂದು ಒಪ್ಪಿಕೊಂಡ ಹಾಗಾಯಿತಲ್ಲ.

ಆದರೆ ಬ್ಯಾಂಕಿನಲ್ಲಿ ಒಂದು ಗಾದೆಯಂಥ ಮಾತಿದೆ: ನೀತಿ ಓದಿ ಕುಣಿಯಬೇಡ, ಮಂಜೂರಾತಿ ಪತ್ರ ಬರಲಿ. ಮಂಜೂರಾತಿ ಪತ್ರ ಬಂದದ್ದು 2022ರ ನವೆಂಬರ್ 7ರಂದು, ಆಯೋಗದ ಹೊಸ ಪಿಎಚ್.ಡಿ. ನಿಯಮಾವಳಿಯ ರೂಪದಲ್ಲಿ. ಅದರಲ್ಲಿ ಪೂರ್ವಸಿದ್ಧತೆಯ ಪಾಠಗಳಿಗೆ ಕನಿಷ್ಠ 12 ಕ್ರೆಡಿಟ್ ಇಟ್ಟಿದ್ದಾರೆ. ಸಂಶೋಧನಾ ವಿಧಾನ ಅದರೊಳಗೆ ಸೇರಿದೆ, ಸಂಶೋಧನೆ ಮತ್ತು ಪ್ರಕಟಣೆಯ ನೀತಿಸಂಹಿತೆಯೂ ಸೇರಿದೆ. ಬರವಣಿಗೆ ಆ ಸಾಲಿನಲ್ಲಿ ಇಲ್ಲ, ಮುಂದಿನ ಸಾಲಿನಲ್ಲಿ ಬೇರೆಯಾಗಿ ಬರುತ್ತದೆ. ಎಲ್ಲ ಸಂಶೋಧನಾರ್ಥಿಗಳೂ ಬೋಧನೆ, ಶಿಕ್ಷಣ, ಬೋಧನಶಾಸ್ತ್ರ, ಬರವಣಿಗೆಗಳಲ್ಲಿ ತರಬೇತಿ ಪಡೆಯತಕ್ಕದ್ದು ಎಂದಿದೆ. ‘ಕ್ರೆಡಿಟ್ ಇರುವ ಪಾಠ’ ಎಂಬ ಮಾತು ಮಾತ್ರ ಜಾರಿಹೋಗಿದೆ. ವಾರಕ್ಕೆ 4ರಿಂದ 6 ಗಂಟೆ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸವನ್ನು ‘ಕೊಡಬಹುದು’ ಎಂದಿದೆ. ನೀತಿಯಲ್ಲಿ ಇದ್ದ ಕನಿಷ್ಠ ಗಂಟೆಗಳ ಅನುಭವ ಇಲ್ಲಿ ಬಂದಾಗ ‘ಬಹುದು’ ಆಯಿತು. ‘ತಕ್ಕದ್ದು’ ಮತ್ತು ‘ಬಹುದು’ ಇವೆರಡರ ನಡುವೆ ಎಷ್ಟು ಸಾಲ ಮುಳುಗಿದೆ ಎಂದು ಬ್ಯಾಂಕಿನವರನ್ನು ಕೇಳಿ.

ಇನ್ನೊಂದು ಚಿಕ್ಕ ಸಂಗತಿ. ಮೂಲದಲ್ಲಿ ಬೋಧನೆ, ಶಿಕ್ಷಣ, ಬೋಧನಶಾಸ್ತ್ರ, ಬರವಣಿಗೆ ಈ ನಾಲ್ಕರ ನಡುವೆ ಅಲ್ಪವಿರಾಮವೂ ಇಲ್ಲ, ‘ಮತ್ತು’ ಎಂಬುದೂ ಇಲ್ಲ. ಓರೆಗೆರೆಗಳಿವೆ. ಖಾತೆ ತೆರೆಯುವ ಫಾರಮಿನಲ್ಲಿ ಶ್ರೀ, ಶ್ರೀಮತಿ, ಕುಮಾರಿ ಎಂಬವುಗಳ ನಡುವೆ ಇರುವಂಥ ಓರೆಗೆರೆ. ಅದರ ಅರ್ಥ ಎಲ್ಲರಿಗೂ ಗೊತ್ತು: ಬೇಡವಾದದ್ದನ್ನು ಹೊಡೆದುಹಾಕಿ. ನಾಲ್ಕರಲ್ಲಿ ಕೊನೆಗೆ ಬಂದದ್ದು, ಕಷ್ಟದ್ದು, ಕಲಿಸುವವರೇ ಸಿಕ್ಕದ್ದು ಬರವಣಿಗೆ. ಯಾವುದನ್ನು ಹೊಡೆದುಹಾಕುತ್ತಾರೆ ಎಂದು ಬೇರೆ ಹೇಳಬೇಕೆ? ನನ್ನ ಸೊಸೆಯ ಪಾಲಿಗೆ ಬಂದ ತರಬೇತಿ ಒಂದು ಮಧ್ಯಾಹ್ನದ್ದು. ಎರಡು ಗಂಟೆ ಭಾಷಣ, ಸಮೋಸಾ, ಪ್ರಮಾಣಪತ್ರ. ಯಾವ ವಿಶ್ವವಿದ್ಯಾಲಯ ಎಂದು ನಾನು ಹೇಳುವುದಿಲ್ಲ.

ಅದೇ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂತು. ನಿಯಮಾವಳಿ ಹುಟ್ಟಿ ಒಂದು ತಿಂಗಳೂ ತುಂಬಿರಲಿಲ್ಲ. ತಪ್ಪಿಲ್ಲದ ವಾಕ್ಯ ಬರೆಯುವುದೇ ಬರವಣಿಗೆ ಎಂದಾದರೆ ಆ ಕೆಲಸ ಅಂದಿಗೇ ಮುಗಿದಹಾಗೆ. ಈಗ ವ್ಯಾಕರಣ ತಿದ್ದುತ್ತಾ ಕೂರುವ ಉಪನ್ಯಾಸಕಿ ಯಂತ್ರದ ಹಾಳೆಗೆ ಎಂಟು ಕೊಡುತ್ತಾಳೆ, ಗಲ್ಲೆಯ ಹುಡುಗನಿಗೆ ನಾಲ್ಕು ಕೊಡುತ್ತಾಳೆ.

ಅವಳನ್ನು ದೂರುವ ಹಕ್ಕು ನನಗಿಲ್ಲ. ನಾನೂ ಅದನ್ನೇ ಮಾಡಿದವನು.

ಕುಂದಾಪುರದಲ್ಲಿ ಬಿಕಾಂ ಮುಗಿಸಿ 1981ರಲ್ಲಿ ಬಸ್ಸು ಹತ್ತಿ ಮುಂಬಯಿಗೆ ಬಂದವನು ನಾನು. ಹೈಸ್ಕೂಲಿನ ತನಕ ಕನ್ನಡ ಮಾಧ್ಯಮ. ಮರುವರ್ಷ ಬ್ಯಾಂಕು ಸೇರಿ, ಕೆಲಸ ಮಾಡುತ್ತಲೇ ಎಂಕಾಂ ಕಟ್ಟಿದೆ. ರಾತ್ರಿ ಊಟದ ನಂತರ ಚೆಂಬೂರಿನ ಬಾಡಿಗೆ ಕೋಣೆಯಲ್ಲಿ ಮೂವರು ರೂಮ್‌ಮೇಟುಗಳ ಗೊರಕೆಯ ನಡುವೆ ಉತ್ತರಗಳನ್ನು ಉರು ಹೊಡೆಯುತ್ತಿದ್ದೆ. ಎರಡು ವರ್ಷದಲ್ಲಿ ನಾನು ನನ್ನದೇ ಎಂದು ಬರೆದ ವಾಕ್ಯ ಒಂದೂ ಇರಲಿಲ್ಲ, ಆದರೂ ಎರಡನೇ ದರ್ಜೆ ಬಂತು. ಆಮೇಲೆ ಶಾಖೆಯಲ್ಲಿ ಮೊದಲ ಸಲ ಒಂದು ಸಾಲದ ಟಿಪ್ಪಣಿ ಬರೆಯಲು ಕೂತಾಗ ಕೈ ಓಡಲಿಲ್ಲ. ಹಿಂದಿನ ಫೈಲು ತೆಗೆದು ಹೆಸರು, ಮೊತ್ತ ಬದಲಿಸಿ ನಕಲು ಮಾಡಿದೆ. ಮ್ಯಾನೇಜರು ಸಹಿ ಹಾಕಿದರು. ಊರು ಬಿಟ್ಟು ಬಂದವನಿಗೆ ತಪ್ಪದಿರುವುದೇ ದೊಡ್ಡದು. ಸ್ವಂತದ್ದು ಏನಾದರೂ ಹೇಳಿದರೆ ತಾನೇ ತಪ್ಪುವುದು?

1990ರ ದಶಕದ ಕೊನೆಗೆ ನನ್ನನ್ನು ಬ್ಯಾಂಕಿನ ತರಬೇತಿ ಕಾಲೇಜಿಗೆ ಹಾಕಿದರು. ಕಲಿಸುವುದು ಹೇಗೆ ಎಂದು ನನಗೂ ಯಾರೂ ಹೇಳಲಿಲ್ಲ. ಹೋದ ಮರುದಿನವೇ ಪಾಠ. ಹೊಸ ಅಧಿಕಾರಿಗಳಿಗೆ ಹಳೆಯ ಫೈಲೊಂದರ ಲೆಕ್ಕಪತ್ರ ಕೊಟ್ಟು, ಸಾಲದ ಟಿಪ್ಪಣಿ ಬರೆಯಿರಿ ಎನ್ನುತ್ತಿದ್ದೆ. ಆ ಖಾತೆ ಮುಳುಗಿಹೋಗಿತ್ತು ಎನ್ನುವುದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಟಂಡನ್ ಸಮಿತಿಯ 1975ರ ಸೂತ್ರ ಎಲ್ಲರಿಗೂ ಬಾಯಿಪಾಠ. ಒಬ್ಬ ಹುಡುಗ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಆರು ಪುಟ ಬರೆದು ಸಾಲ ಕೊಡಬಹುದೆಂದ. ಧಾರವಾಡದ ಕಡೆಯ ಇನ್ನೊಬ್ಬ ಅಧಿಕಾರಿ ಎರಡೇ ಪುಟ ಬರೆದಿದ್ದ. ಭಾಷೆ ಕುಂಟುತ್ತಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಬಾಕಿ ಒಂದೇ ಕಂಪನಿಯಿಂದ ಬರಬೇಕಾಗಿದೆ, ಆ ಕಂಪನಿಯ ವಿಳಾಸವೂ ಸಾಲಗಾರನ ವಿಳಾಸವೂ ಒಂದೇ ಎಂದು ಕೊನೆಯಲ್ಲಿ ಬರೆದಿದ್ದ. ಖಾತೆ ಮುಳುಗಿದ್ದೂ ಅದರಿಂದಲೇ.

ನಾನು ಮೊದಲನೆಯವನಿಗೆ ಹೆಚ್ಚು ಅಂಕ ಕೊಟ್ಟೆ. ನನ್ನ ಅಂಕಪಟ್ಟಿಯಲ್ಲಿ ಭಾಷೆಗೆ ಹತ್ತು, ವಿನ್ಯಾಸಕ್ಕೆ ಹತ್ತು, ಸೂತ್ರಕ್ಕೆ ಹತ್ತು ಇತ್ತು. ಕಂಡುಹಿಡಿದದ್ದಕ್ಕೆ ಕಾಲಮ್ಮೇ ಇರಲಿಲ್ಲ. ಚಹಾದ ಹೊತ್ತಿನಲ್ಲಿ ಆ ಧಾರವಾಡದವರು ಹತ್ತಿರ ಬಂದು ಮೆಲ್ಲಗೆ ಅಂದರು: “ಸರ, ಆ ಎರಡೂ ಕಂಪನಿ ಒಬ್ಬರವೇ ಅದಾವಲ್ಲರೀ. ನಾ ಅದನ್ನ ಬರದಿದ್ದೆ.” ನಾನು ಏನೆಂದೆ ಗೊತ್ತೇ? “ಹೌದು, ಆದರೆ ನೀವು ಇಂಗ್ಲಿಷ್ ಸ್ವಲ್ಪ ಸುಧಾರಿಸಿಕೊಳ್ಳಬೇಕು.” ಕನ್ನಡ ಶಾಲೆಯಲ್ಲಿ ಕಲಿತ ಒಬ್ಬ, ಕನ್ನಡ ಶಾಲೆಯಲ್ಲಿ ಕಲಿತ ಇನ್ನೊಬ್ಬನಿಗೆ ಹೇಳಿದ ಮಾತು ಅದು. ಆ ಮುಖ ಈಗಲೂ ಕಣ್ಣಮುಂದೆ ಬರುತ್ತದೆ.

ಈ ತೊಡಕು ನಮ್ಮಲ್ಲಿ ಮಾತ್ರ ಇರುವಂಥದ್ದಲ್ಲ. ಅಮೆರಿಕದ ಕಾಲೇಜುಗಳಲ್ಲಿ ಬಹಳ ಕಾಲ ಬರವಣಿಗೆಯೆಂದರೆ ಇಂಗ್ಲಿಷ್ ವಿಭಾಗ ಮೊದಲ ವರ್ಷದಲ್ಲಿ ಕೊಡುವ ಚುಚ್ಚುಮದ್ದಾಗಿತ್ತು. 1970ರ ದಶಕದಲ್ಲಿ ‘ಎಲ್ಲ ವಿಷಯಗಳಲ್ಲೂ ಬರವಣಿಗೆ’ ಎಂಬ ಒಂದು ಚಳವಳಿ ಅಲ್ಲಿ ಎದ್ದಿತು. ಬರೆಯುವುದೆಂದರೆ ಕಲಿತದ್ದನ್ನು ಒಪ್ಪಿಸುವುದಲ್ಲ, ಬರೆಯುವುದೇ ಕಲಿಯುವ ಒಂದು ದಾರಿ ಎಂದು ಜಾನೆಟ್ ಎಮಿಗ್ ಎಂಬಾಕೆ 1977ರಲ್ಲಿ ಒಂದು ಲೇಖನದಲ್ಲಿ ವಾದಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರ ಬರವಣಿಗೆ ತರಗತಿಗಳನ್ನು ಬೇರೆ ಬೇರೆ ವಿಭಾಗಗಳೇ ನಡೆಸುತ್ತವೆ. ಅನೇಕ ತರಗತಿಗಳಲ್ಲಿ ಪಾಠ ಮಾಡುವವರು ನನ್ನ ಸೊಸೆಯಂಥ ಸಂಶೋಧನಾರ್ಥಿಗಳೇ. ಆದರೆ ಅವರಿಗೆ ಬರವಣಿಗೆ ಕಲಿಸುವುದು ಹೇಗೆಂಬ ಒಂದು ಪಾಠವೇ ಇದೆ. ಎಂಥ ಪ್ರಶ್ನೆ ಕೊಡಬೇಕು, ಒಂದು ದೊಡ್ಡ ಕೆಲಸವನ್ನು ಸಣ್ಣ ಮೆಟ್ಟಿಲುಗಳಾಗಿ ಹೇಗೆ ಒಡೆಯಬೇಕು, ಮೊದಲ ಕರಡಿನ ಮೇಲೆ ಏನು ಬರೆಯಬೇಕು, ಏನನ್ನು ಸದ್ಯಕ್ಕೆ ನೋಡದ ಹಾಗೆ ಬಿಡಬೇಕು, ಅಂಕವನ್ನು ಯಾವುದಕ್ಕೆ ಕೊಡಬೇಕು ಎಂಬಂಥ ಕೈಕೆಲಸ ಇದು.

ಅಲ್ಲಿಯದ್ದನ್ನು ಇಲ್ಲಿಗೆ ತಂದು ನೆಡಿ ಎಂದು ನಾನು ಹೇಳಲಾರೆ. ಅಲ್ಲಿನ ತರಗತಿಯಲ್ಲಿ ಇಪ್ಪತ್ತರೊಳಗೆ ಮಕ್ಕಳು, ಇವಳ ಮುಂದೆ 62. ಆದರೂ ಆ ಕೈಕೆಲಸದಲ್ಲಿ ಅರ್ಧದಷ್ಟಕ್ಕೆ ದುಡ್ಡು ಬೇಕಾಗಿಲ್ಲ.

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕು. ಮುಂಬಯಿಯ ಕನ್ನಡಿಗರಾದ ನಾವು ಬರವಣಿಗೆಯೆಂದರೆ ಸಾಹಿತ್ಯ ಎಂದುಕೊಂಡವರು. ಸಂಘದ ವಾರ್ಷಿಕೋತ್ಸವಗಳಲ್ಲಿ ಪ್ರಬಂಧ ಸ್ಪರ್ಧೆ ಇಡುತ್ತೇವೆ, ‘ತಾಯಿನಾಡಿನ ನೆನಪು’ ಎಂಬ ವಿಷಯ ಕೊಡುತ್ತೇವೆ, ಹೆಚ್ಚು ಉಪಮೆ ಹಾಕಿದವನಿಗೆ ಬಹುಮಾನ ಕೊಡುತ್ತೇವೆ. ನಾನೂ ಎರಡು ಸಲ ತೀರ್ಪುಗಾರನಾಗಿದ್ದೆ. ‘ನಿನ್ನ ಅಪ್ಪನ ಅಂಗಡಿಯ ಒಂದು ತಿಂಗಳ ಲೆಕ್ಕವನ್ನು ವಿವರಿಸು’ ಎಂದು ನಾವು ಯಾವತ್ತೂ ಕೇಳಲಿಲ್ಲ. ಆದರೆ ಈ ನಗರದಲ್ಲಿ ನಮ್ಮ ಹೆಮ್ಮೆಯ ಕಾದಂಬರಿಕಾರ ಯಶವಂತ ಚಿತ್ತಾಲರು ಪಾಲಿಮರ್ ವಿಜ್ಞಾನ ಓದಿ ಕಾರ್ಖಾನೆಯ ಜಗತ್ತಿನಲ್ಲಿ ದುಡಿದವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಅವರ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡವನ್ನು ಗಮನವಿಟ್ಟು ನೋಡಿದವನಿಗೆ ಬರೆಯಲು ಬಂತು. ಇವರ ಪ್ರತಿಭೆ ಎಲ್ಲರಿಗೂ ಬರುವುದಿಲ್ಲ, ಒಪ್ಪಿದೆ. ಆದರೆ ನೋಡುವ ಆ ಶಿಸ್ತನ್ನು ಕಲಿಸಲು ಸಾಧ್ಯ. ಅದನ್ನು ಆಯಾ ವಿಷಯದ ಮೇಷ್ಟ್ರೇ ಕಲಿಸಬೇಕು. ದುಡಿಯುವ ಬಂಡವಾಳದ ಬಗ್ಗೆ ಹುಡುಗ ಬರೆದದ್ದು ಸರಿಯೇ ಎಂದು ಇಂಗ್ಲಿಷ್ ಮೇಷ್ಟ್ರು ಹೇಗೆ ಹೇಳಿಯಾರು?

ಆ ನಂತರ ನಾಲ್ಕು ಭಾನುವಾರ ಅವಳು ಬಂದಳು. ನಾವು ಮಾಡಿದ್ದು ಬಹಳವೇನಿಲ್ಲ. ಮೊದಲು ಪ್ರಶ್ನೆಯನ್ನೇ ಬದಲಿಸಿದೆವು. ‘ದುಡಿಯುವ ಬಂಡವಾಳ ಎಂದರೇನು’ ಎಂದು ಕೇಳಿದರೆ ನಕಲೇ ಬರುತ್ತದೆ. ‘ನಿಮ್ಮ ಗಲ್ಲಿಯ ಒಂದು ಅಂಗಡಿಗೆ ಹೋಗಿ ದುಡ್ಡು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಕೇಳಿ ಒಂದು ಪುಟ ಬರೆಯಿರಿ’ ಎಂದೆವು. ಮೊದಲ ಕರಡನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು, ಮರಾಠಿ, ಹಿಂದಿ, ಕನ್ನಡ ಯಾವುದೂ ಅಡ್ಡಿಯಿಲ್ಲ, ಕೊನೆಯದ್ದು ಮಾತ್ರ ಇಂಗ್ಲಿಷಿನಲ್ಲಿ. ಕರಡಿನ ಮೇಲೆ ಅವಳು ಎರಡೇ ಮಾತು ಬರೆಯಬೇಕು: ಯಾವ ಸಾಲಿನಲ್ಲಿ ವಿಷಯ ಹೊಳೆದಿದೆ, ಆ ಸಾಲು ಇನ್ನೇನನ್ನು ಕೇಳುತ್ತದೆ. ವ್ಯಾಕರಣ ಕೊನೆಯ ಸುತ್ತಿಗೆ. ಇನ್ನೊಬ್ಬಳು ಸಂಶೋಧನಾ ವಿದ್ಯಾರ್ಥಿನಿಯನ್ನು ಜತೆಗೆ ಕೂರಿಸಿಕೊಂಡು ಒಂದೇ ಹಾಳೆಗೆ ಇಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಿ, ವ್ಯತ್ಯಾಸ ಬಂದಲ್ಲಿ ಜಗಳವಾಡಬೇಕು. ಆ ಜಗಳವೇ ನಿಜವಾದ ತರಬೇತಿ. ನನ್ನ ಆ ಹಳೆಯ ಅಂಕಪಟ್ಟಿಯ ಬಗ್ಗೆ ಯಾರಾದರೂ ನನ್ನೊಡನೆ ಅಂದು ಜಗಳವಾಡಿದ್ದರೆ!

ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧಕ್ಕರ್ಧ ಹುಡುಗರು ಅಂಗಡಿಗೆ ಹೋಗದೆಯೇ ಬರೆದರು. ಕೆಲವರು ಅಂಗಡಿಯ ಸಂದರ್ಶನವನ್ನೂ ಯಂತ್ರದಿಂದಲೇ ಬರೆಸಿದ್ದರು. “ಇದಕ್ಕೆಲ್ಲ ವಾರಕ್ಕೆ ನಾಲ್ಕು ಗಂಟೆ ಸಾಕಾಗುವುದಿಲ್ಲ ಮಾವ, ನನ್ನ ಥೀಸಿಸ್ ಯಾರು ಬರೆಯುವುದು?” ಎಂದು ಅವಳು ಒಂದು ದಿನ ಸಿಟ್ಟಿನಿಂದಲೇ ಕೇಳಿದಳು. ಅದಕ್ಕೂ ನನ್ನಲ್ಲಿ ಉತ್ತರವಿಲ್ಲ. ಕಲಿಸುವ ಗಂಟೆಗಳಿಗೆ ಸಂಬಳವೂ, ಕಲಿತದ್ದಕ್ಕೆ ಕ್ರೆಡಿಟ್ಟೂ ಇಲ್ಲದೆ ಒಬ್ಬ ಸಂಶೋಧನಾರ್ಥಿಯ ಮೇಲೆ ಈ ಹೊರೆ ಹಾಕುವುದು ಅನ್ಯಾಯವೇ. ಅದನ್ನು ನಾಲ್ಕು ಭಾನುವಾರಗಳಿಂದ ಸರಿಮಾಡಲು ಬರುವುದಿಲ್ಲ. ನಿಯಮಾವಳಿ ಬರೆದವರೇ ಸರಿಮಾಡಬೇಕು. ಮಾಡುವುದಾದರೆ ಎರಡೇ ತಿದ್ದುಪಡಿ: ‘ಬಹುದು’ ಇರುವಲ್ಲಿ ‘ತಕ್ಕದ್ದು’, ಓರೆಗೆರೆ ಇರುವಲ್ಲಿ ‘ಮತ್ತು’. ಜತೆಗೆ ಅದಕ್ಕೆ ಬೇಕಾದ ದುಡ್ಡು.

ಗಲ್ಲೆಯ ಹುಡುಗ ಎರಡನೇ ಸಲ ಮೂರು ಪುಟ ಬರೆದುಕೊಟ್ಟ. ತರಕಾರಿಯವನನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ್ದ. ಅವನು ವಾಶಿಯ ಮಾರುಕಟ್ಟೆಯಲ್ಲಿ ನಗದು ಕೊಟ್ಟು ಮಾಲು ಎತ್ತುತ್ತಾನೆ, ಆ ನಗದಿಗೆ ದಿನದ ಬಡ್ಡಿ ಕಟ್ಟುತ್ತಾನೆ. ಹೋಟೆಲಿನವರು ಶನಿವಾರ ಕೊಡುವುದನ್ನು ಸೋಮವಾರಕ್ಕೆ ತಳ್ಳಿದರೆ ಎರಡು ದಿನದ ಬಡ್ಡಿ ಅವನ ಕೈಯಿಂದ ಹೋಗುತ್ತದೆ. ಇದನ್ನೆಲ್ಲ ಬರೆದು, ಕೊನೆಗೆ ತನ್ನ ಹಳೆಯ ಪ್ರಶ್ನೆಗೆ ತಾನೇ ಉತ್ತರ ಕೊಟ್ಟಿದ್ದ. ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದ ಇನ್ನೂ ತಪ್ಪಿದ್ದವು.

“ಎಷ್ಟು ಕೊಡಲಿ ಮಾವ?” ಎಂದು ಕೇಳಿದಳು.

“ನನ್ನನ್ನು ಕೇಳಬೇಡ. ಆ ಧಾರವಾಡದವರನ್ನು ಕೇಳು” ಎನ್ನಬೇಕೆನ್ನಿಸಿತು. ಅವರ ಕಥೆ ಅವಳಿಗೆ ಗೊತ್ತಿರಲಿಲ್ಲ. ಆ ದಿನ ಮೊದಲ ಸಲ ಹೇಳಿದೆ.